ಸ್ವಾಹಿಲಿಯಲ್ಲಿ ‘ನಿ’ ಅಂದರೆ ನಾನು: ಇದು ನಿಮ್ಮ ಬಾಯಿಗೆ ಹೇಗೆ ಹತ್ತಿತು?

ಕೇಳಿದವರು:
ಕೆಲಸದ ಮೇಲೆ ಟಾಂಜಾನಿಯಾದ ದಾರ್ ಎಸ್ ಸಲಾಮ್‌ಗೆ ಬಂದು ಐದು ವಾರ ಆಯ್ತು. ಸ್ವಾಹಿಲಿ ಕಲಿಯುತ್ತಿದ್ದೇನೆ. ಕ್ರಿಯಾಪದದ ಮುಂದೆ ಯಾರು ಅಂತ ಹೇಳುವ ಅಕ್ಷರ ಬರುತ್ತದಲ್ಲ, ನಿ (ನಾನು), ಉ (ನೀನು), ಅ (ಅವನು, ಅವಳು), ತು (ನಾವು), ಮ್ (ನೀವೆಲ್ಲ), ವ (ಅವರೆಲ್ಲ), ಆರೂ ಬಾಯಿಪಾಠ. ಹಾಳೆ ಮೇಲೆ ತಪ್ಪಿಲ್ಲದೆ ಬರೆಯುತ್ತೇನೆ. ಎದುರಿಗೆ ಯಾರಾದರೂ ನಿಂತರೆ ಎಲ್ಲ ಕಲಸಿಹೋಗುತ್ತದೆ. ನಿನ್ನೆ ತರಕಾರಿ ಮಾರುವ ಅಮ್ಮನ ಹತ್ತಿರ ‘ಉನತಾಕ ನ್ಯಾನ್ಯ’ ಅಂದೆ. ಅಂದರೆ, ನಿನಗೆ ಟೊಮೇಟೊ ಬೇಕು! ಅವರ ಮುಂದೆ ಬುಟ್ಟಿ ತುಂಬ ಟೊಮೇಟೊ. ನೀವೆಲ್ಲ ಇದನ್ನು ಹೇಗೆ ದಾಟಿದಿರಿ?

ನೈರೋಬಿಯಲ್ಲಿ ಏಳು ವರ್ಷ ಇದ್ದವರು:
ತಪ್ಪು ನಿಮ್ಮದಲ್ಲ, ಕನ್ನಡದ್ದು. ನಮ್ಮ ಕಿವಿಗೆ ‘ನಿ’ ಬಿದ್ದ ಕೂಡಲೇ ನೀನು, ನಿನ್ನ, ನಿಮ್ಮ ಅಂತಲೇ ಓಡುತ್ತದೆ. ಅಲ್ಲಿ ‘ನಿ’ ಅಂದರೆ ನಾನು. ಹಿಂದಿ ಗೊತ್ತಿದ್ದರೆ ಇನ್ನೂ ಕಷ್ಟ, ಅಲ್ಲಿ ‘ತೂ’ ಅಂದರೆ ನೀನು, ಸ್ವಾಹಿಲಿಯಲ್ಲಿ ‘ತು’ ಅಂದರೆ ನಾವು. ‘ಅ’ ಒಂದು ಪುಣ್ಯಕ್ಕೆ ನಮ್ಮ ಅವನು, ಅವಳು ಜೊತೆ ಹೊಂದುತ್ತದೆ, ಗಂಡು ಹೆಣ್ಣಿನ ತಕರಾರೂ ಇಲ್ಲ.

ಆದರೆ ಕನ್ನಡದಿಂದಲೇ ಒಂದು ದೊಡ್ಡ ಅನುಕೂಲ ಇದೆ. ‘ಓದುತ್ತೇನೆ’ ಬಿಡಿಸಿ ನೋಡಿ. ಮೊದಲು ಓದು, ಆಮೇಲೆ ಕಾಲ ಹೇಳುವ ‘ಉತ್ತ’, ಕೊನೆಗೆ ಯಾರು ಅಂತ ಹೇಳುವ ‘ಏನೆ’. ಈಗ ‘ನಿನಸೋಮ’ ಬಿಡಿಸಿ. ನಿ (ನಾನು), ನ (ಈಗ), ಸೋಮ (ಓದು). ಅವೇ ಮೂರು ಬೋಗಿ, ರೈಲು ಮಾತ್ರ ಉಲ್ಟಾ. ನಡುವಿನ ಬೋಗಿ ಬದಲಿಸಿದರೆ ನಿಲಿಸೋಮ (ಓದಿದೆ), ನಿತಸೋಮ (ಓದುವೆ), ನಿಮೆಸೋಮ (ಓದಿದ್ದೇನೆ). ನಾವು ‘ನಾನು’ ಅನ್ನದೆ ಬರೀ ‘ಬರ್ತೀನಿ’ ಅನ್ನುವುದಿಲ್ಲವೇ? ಹಾಗೇ ಅಲ್ಲೂ ‘ಮಿಮಿ’ (ನಾನು) ಅಂತ ಹೇಳುವುದು ಒತ್ತಿ ಹೇಳಬೇಕಾದಾಗ ಮಾತ್ರ. ನನ್ನ ಆಫೀಸಿನಲ್ಲಿ ಇಂಗ್ಲಿಷ್ ಮೂಲಕ ಕಲಿತವರು ‘ಮಿಮಿ ಸೋಮ’ ಅಂತ ತುಂಬ ದಿನ ಎಡವುತ್ತಿದ್ದರು. ನಮಗೆ ಆ ಕಷ್ಟ ಇಲ್ಲ. ಮಾತಿನ ಬಾಲದಲ್ಲಿ ಯಾರು ಅಂತ ಹೇಳಿ ಹುಟ್ಟಿನಿಂದ ಅಭ್ಯಾಸ, ಈಗ ತಲೆಗೆ ತರಬೇಕು ಅಷ್ಟೇ.

ನಾನು ಮಾಡಿದ್ದು ಇಷ್ಟು: ಕೋಷ್ಟಕ ಮುಚ್ಚಿಟ್ಟೆ. ಎರಡು ವಾರ ಬರೀ ‘ನಿ’. ಅಡುಗೆ ಮಾಡುತ್ತಾ ‘ನಿನಪಿಕ’, ಪಾತ್ರೆ ತೊಳೆಯುತ್ತಾ ‘ನಿನಓಷ ವ್ಯೋಂಬೊ’, ದೀಪ ಆರಿಸಿ ‘ನಿನಲಾಲ’. ಒಬ್ಬನೇ ಗೊಣಗುವುದು ನೋಡಿ ಪಕ್ಕದ ಮನೆಯವರಿಗೆ ಅನುಮಾನ ಬಂದಿತ್ತು. ಬರಲಿ ಬಿಡಿ. ಇನ್ನೊಂದು, ಪದ ಹುಡುಕುವಾಗ ‘ಉನಸೋಮ’ವನ್ನು ಉಕಾರದಲ್ಲಿ ಹುಡುಕಬೇಡಿ. ನಿಘಂಟಿನಲ್ಲಿ ಅದು ‘ಸೋಮ’ದ ಹತ್ತಿರ ಇರುತ್ತದೆ.

ದಾರ್‌ನಲ್ಲೇ ಇರುವ ಒಬ್ಬರು:
ನಿಮ್ಮ ಟೊಮೇಟೊ ಕಥೆ ನನ್ನ ದಲದಲ ಕಥೆಯ ತಮ್ಮ. ದಲದಲ ಅಂದರೆ ಇಲ್ಲಿನ ಮಿನಿಬಸ್ಸು, ಗೊತ್ತಲ್ಲ. ಕಂಡಕ್ಟರು ‘ಉನಷುಕ ವಾಪಿ?’ ಅಂದ, ಎಲ್ಲಿ ಇಳೀತೀಯ ಅಂತ. ನಾನು ಗಂಭೀರವಾಗಿ ‘ಉನಷುಕ ಮ್ವೆಂಗೆ’ ಅಂದೆ, ನೀನು ಮ್ವೆಂಗೆ ಸ್ಟಾಪಿನಲ್ಲಿ ಇಳೀತೀಯ ಅಂತ. ಅವನು ತನ್ನ ಎದೆ ಮುಟ್ಟಿಕೊಂಡು, ನಾನಾ? ಅಂತ ಕೇಳಿದ. ಬಸ್ಸಿಗೆ ಬಸ್ಸೇ ನಕ್ಕಿತು. ಪ್ರಶ್ನೆಯಲ್ಲಿ ಕೇಳಿದ್ದನ್ನೇ ಹಾಗೇ ವಾಪಸ್ ಕೊಡುವುದು ನಮ್ಮ ಮೂಲ ರೋಗ. ಮನೆಯಲ್ಲಿ ಹೆಂಡತಿಯ ಜೊತೆ ಇದನ್ನೇ ಆಟ ಮಾಡಿಕೊಂಡೆ. ಅವಳು ‘ಉ’ ಎಸೆದರೆ ನಾನು ‘ನಿ’ ಹಿಡಿಯಬೇಕು. ಅವಳು ‘ಮ್’ ಅಂದರೆ ನಾನು ‘ತು’. ಹತ್ತು ನಿಮಿಷ ಸಾಕು, ಪುಸ್ತಕ ಬೇಡ.

ಅಂದ ಹಾಗೆ ‘ನಿನತಾಕ’ ಅನ್ನುವುದು ಬೀದಿಯಲ್ಲಿ ಎಷ್ಟೋ ಸಲ ‘ನತಾಕ’ ಅಂತ ಕೇಳುತ್ತದೆ. ‘ನಿ’ ಎಲ್ಲಿ ಹೋಯ್ತು ಅಂತ ತಡಕಾಡಬೇಡಿ.

ಬೆಂಗಳೂರಿನಿಂದ:
ಮರ್ಯಾದೆಯ ಬಹುವಚನ ಬಿಟ್ಟುಬಿಡಿ! ನಾನಿದ್ದ ಮನೆಯ ಓನರ್ ವಯಸ್ಸಾದವರು. ‘ನೀವು’ ಅನ್ನಬೇಕಲ್ವಾ ಅಂತ ‘ಮ್ನಕ್ವೆಂಡ ವಾಪಿ?’ (ಎಲ್ಲಿಗೆ ಹೋಗ್ತಿದ್ದೀರಿ) ಅಂದೆ. ಅವರು ಹಿಂದೆ ತಿರುಗಿ ನೋಡಿದರು, ಇನ್ನೂ ಯಾರಿದ್ದಾರೆ ಅಂತ. ಒಬ್ಬರೇ ಇದ್ದರೆ ಎಷ್ಟೇ ದೊಡ್ಡವರಾದರೂ ‘ಉ’. ಗೌರವ ಬೇರೆ ಕಡೆ ಇದೆ. ಹಿರಿಯರಿಗೆ ಮೊದಲು ‘ಷಿಕಮೋ’ ಅನ್ನಬೇಕು, ಅವರು ‘ಮರಹಬ’ ಅನ್ನುತ್ತಾರೆ. ಅದು ಬಿಟ್ಟುಹೋದರೆ ನಿಮ್ಮ ವ್ಯಾಕರಣ ಎಷ್ಟು ಚೆನ್ನಾಗಿದ್ದರೂ ದಂಡ.

ಜಾಂಜಿಬಾರ್‌ನಲ್ಲಿ ಪಾಠ ಹೇಳುವವರು:
‘ಇಲ್ಲ’ ಅನ್ನುವ ರೂಪಗಳನ್ನು ಯಾರೂ ಹೇಳಲಿಲ್ಲ. ಅದಕ್ಕೆ ಬೇರೆ ಬಾಯಿಪಾಠ ಬೇಡ, ನಮಸ್ಕಾರದಲ್ಲೇ ಇದೆ. ‘ಹುಜಾಂಬೊ?’ ಅಂದರೆ ನಿನಗೇನೂ ತೊಂದರೆ ಇಲ್ಲ ತಾನೇ ಅಂತ. ‘ಸಿಜಾಂಬೊ’, ನನಗೇನಿಲ್ಲ. ಅವನಿಗೆ ಹಜಾಂಬೊ, ನಮಗೆ ಹತುಜಾಂಬೊ, ನಿಮಗೆಲ್ಲ ಹಮ್ಜಾಂಬೊ, ಅವರಿಗೆ ಹವಜಾಂಬೊ. ಇದರಲ್ಲಿ ‘ಜಾಂಬೊ’ ತೆಗೆದರೆ ಉಳಿಯುವುದೇ ‘ಇಲ್ಲ’ ಅನ್ನುವ ಪಟ್ಟಿ. ವರ್ತಮಾನದಲ್ಲಿ ನಡುವಿನ ‘ನ’ ಬಿದ್ದುಹೋಗುತ್ತದೆ, ಕೊನೆಯ ‘ಅ’ ಹೋಗಿ ‘ಇ’ ಬರುತ್ತದೆ. ನಿನಸೋಮ ಹೋಗಿ ಸಿಸೋಮಿ. ಮೊದಲು ಸಿಜುಯಿ (ಗೊತ್ತಿಲ್ಲ), ಸಿಯೆಲೆವಿ (ಅರ್ಥ ಆಗಲಿಲ್ಲ), ಸಿತಾಕಿ (ಬೇಡ) ಕಲಿಯಿರಿ. ಆರು ತಿಂಗಳು ನನ್ನ ಸಂಸಾರ ಇವು ಮೂರರಲ್ಲೇ ನಡೆದಿದೆ.

ಒಂದೇ ಎಚ್ಚರ: ‘ಹುಸೋಮಿ’ ಅಂದರೆ ನೀನು ಓದುವುದಿಲ್ಲ. ‘ಹುಸೋಮ’ ಅಂದರೆ ದಿನಾ ಓದುವ ರೂಢಿ ಇದೆ ಅಂತ, ಅದು ಯಾರಿಗಾದರೂ ಸರಿ. ಒಂದು ಸ್ವರಕ್ಕೆ ಅರ್ಥ ತಿರುಗಿಬಿತ್ತು.

ನೈರೋಬಿಯಲ್ಲಿ ಇದ್ದವರು ಮತ್ತೆ:
ವಸ್ತುಗಳ ವಿಷಯಕ್ಕೆ ಈಗಲೇ ಕೈ ಹಾಕಬೇಡಿ, ಆದರೆ ಬೆಚ್ಚಿಬೀಳಲೂಬೇಡಿ. ಕರೆಂಟ್ ಹೋದಾಗ ‘ಉಮೆಮೆ ಉಮೆಕತೀಕ’ ಅನ್ನುತ್ತಾರೆ. ಆ ‘ಉ’ ನೀವಲ್ಲ, ಕರೆಂಟು! ನೀರು ಮುಗಿದರೆ ‘ಮಾಜಿ ಯಮೆಕ್ವಿಷ’, ಪುಸ್ತಕ ಬಿದ್ದರೆ ‘ಕಿತಾಬು ಕಿಮೆಯಂಗೂಕ’. ವಸ್ತುಗಳ ಹೆಸರಿನ ಒಂದೊಂದು ಗುಂಪಿಗೂ ಅದರದೇ ಅಕ್ಷರ. ಪ್ರಾಣಿಗಳು ಮಾತ್ರ ಮನುಷ್ಯರ ಪಂಕ್ತಿಯಲ್ಲೇ ಕೂರುತ್ತವೆ. ಖಡ್ಗಮೃಗ ‘ಕಿಫಾರು’, ಕಿತಾಬು ಥರಾನೇ ಕಾಣುತ್ತದೆ, ಆದರೂ ‘ಕಿಫಾರು ಅನಲಾಲ’, ಮಲಗಿದೆ. ನೈರೋಬಿಯಲ್ಲಂತೂ ಜನ ಎಷ್ಟೋ ವಸ್ತುಗಳಿಗೆ ಸುಮ್ನೆ ‘ಇ’ ಹಾಕಿ ಸಾಗಿಸುತ್ತಾರೆ. ಜಾಂಜಿಬಾರ್‌ನವರ ಮುಂದೆ ಹಾಗೆ ಮಾಡಿದರೆ ಹುಬ್ಬು ಮೇಲೇರುತ್ತದೆ, ಅಲ್ವಾ ಮೇಡಂ?

ಕೇಳಿದವರು:
ಇವತ್ತು ಬೆಳಗ್ಗೆ ಆ ಅಮ್ಮ ನನ್ನನ್ನು ದೂರದಿಂದ ನೋಡಿದವರೇ ‘ಲೇಯೊ ನಾನಿ ಅನತಾಕ ನ್ಯಾನ್ಯ?’ ಅಂತ ಕೂಗಿದರು. ಇವತ್ತು ಯಾರಿಗೆ ಟೊಮೇಟೊ ಬೇಕು ಅಂತ. ‘ಮಿಮಿ, ಮಾಮ! ನಿನತಾಕ ಫುಂಗು ಮೋಜ’ ಅಂದೆ. ಫುಂಗು ಅಂದರೆ ನಮ್ಮ ಸಂತೆಯ ಗುಡ್ಡೆ ಲೆಕ್ಕವೇ. ಒಂದು ಗುಡ್ಡೆ ಕೊಟ್ಟು, ಮೇಲೆ ಒಂದು ಹಣ್ಣು ಜಾಸ್ತಿ ಹಾಕಿದರು. ಷಿಕಮೋ ಅನ್ನುವುದು ಮರೆತೇಹೋಗಿತ್ತು, ನಾಳೆ ಹೇಳುತ್ತೇನೆ.