ಗಂಡು ಸಿಂಹಗಳ ಗುರುತು: ಕೇಸರ ನೋಡಿದ್ರೆ ಸಾಕಾ?

ಜಯನಗರ_4ನೇ_ಬ್ಲಾಕ್: ದಕ್ಷಿಣ ಆಫ್ರಿಕಾದ ಸಾಬಿ ಸ್ಯಾಂಡ್ಸ್ ಅಭಯಾರಣ್ಯದ ಸಫಾರಿ ವಿಡಿಯೊಗಳಿಂದ ಗಂಡು ಸಿಂಹಗಳ ಕೂಟಗಳ (ಒಟ್ಟಿಗೆ ಓಡಾಡೋ ಗಂಡುಗಳ ತಂಡ) ಪಟ್ಟಿ ಮಾಡ್ತಿದ್ದೀನಿ. ಕೇಸರದ ಬಣ್ಣ ನಂಬಬಹುದಾ? ಹೆಣ್ಣು ಸಿಂಹಗಳ ಗುಂಪು ಹೊಸ ಗಂಡುಗಳ ವಶವಾಯ್ತು ಅಂತ ಯಾವಾಗ ಬರೀಬೇಕು?

ಮೀಸೆಚುಕ್ಕಿ: ಕೇಸರ ಬೇಡ ಸಾರ್, ವಯಸ್ಸು, ಗಾಯ, ಬೆಳಕು ಎಲ್ಲಕ್ಕೂ ಬದಲಾಗುತ್ತೆ. ಮೀಸೆ ಬುಡದ ಚುಕ್ಕಿ ನೋಡಿ. ಮೇಲಿನ ಪೂರ್ತಿ ಸಾಲಿಗಿಂತ ಮೇಲೆ ಬಿಡಿ ಚುಕ್ಕಿಗಳಿರುತ್ತವೆ. ಪ್ರತಿಯೊಂದೂ ಅದರ ಕೆಳಗಿನ ಆ ಪೂರ್ತಿ ಸಾಲಿನ ಎಷ್ಟನೇ ಚುಕ್ಕಿಯ ನೇರಕ್ಕಿದೆ ಅಂತ ಗುರುತು ಹಾಕ್ಕೊಳ್ಳಿ. ಎಡ, ಬಲ ಎರಡೂ ಬೇಕು, ಒಂದೇ ಥರ ಇರಲ್ಲ. ಮುಖ ಓರೆಯಾಗಿದ್ರೆ ಆ ಫ್ರೇಮ್ ಬಿಡಿ. ಕನ್ನಡಿಯಂತೆ ತಿರುಗಿಸಿ ಹಾಕಿದ ವಿಡಿಯೊ ಇದ್ರೆ ಎಡ-ಬಲ ಅದಲುಬದಲು! ಬನ್ನೇರುಘಟ್ಟ ಸಫಾರಿಯಲ್ಲಿ ಅಭ್ಯಾಸ ಮಾಡಿ.

ಸವನ್ನಾ_ಡೈರಿ: ಒಂದು ಜಗಳ ಕಂಡ ಮಾತ್ರಕ್ಕೆ 'ವಶ' ಅನ್ನಬೇಡಿ. ಹಳಬರ ಘರ್ಜನೆ ನಿಂತು, ಹೊಸಬರು ಹೆಣ್ಣುಗಳ ಜೊತೆಗೇ ಇದ್ದು ಗಡಿಗೆ ಮೂತ್ರ ಸಿಂಪಡಿಸ್ತಿದ್ರೆ ಬರೀರಿ. ಹೊಸಬರು ಹಳಬರ ಚಿಕ್ಕ ಮರಿಗಳನ್ನ ಸಾಮಾನ್ಯವಾಗಿ ಕೊಲ್ತಾರೆ. ಗರ್ಭಾವಧಿ ಸುಮಾರು 110 ದಿನ. ಹೊಸಬರು ಬಂದು ಅಷ್ಟು ದಿನ ಆಗೋಕೂ ಮುಂಚೆ ಹುಟ್ಟಿದ ಮರಿ ಹೊಸಬರದ್ದಲ್ಲ. ಕೂಡೋದು ಕಂಡರೂ ಮೊದಲ ಕೆಲವು ತಿಂಗಳು ಗರ್ಭ ನಿಲ್ಲೋದು ಕಮ್ಮಿ.

ಮೀಸೆಚುಕ್ಕಿ: ಗಿರ್‌ಗೆ ಈ ಲೆಕ್ಕ ಹಾಕಬೇಡಿ. ಅಲ್ಲಿ ಗಂಡು, ಹೆಣ್ಣು ಬಹುಪಾಲು ಬೇರೆ ಬೇರೆ ಓಡಾಡ್ತವೆ, ಒಂದೇ ಹೆಣ್ಣು ಹಲವು ಕೂಟಗಳ ಜೊತೆ ಸೇರುತ್ತೆ.