ಇಂಡೆಕ್ಸ್ ಗೊತ್ತಿದ್ದರೆ ಸರ್ಫೇಸ್‌ನ ತೂತು ಎಣಿಸಬಹುದಾ?

ಸೋಪಿನಗುಳ್ಳೆ:
ಮಿನಿಮಲ್ ಸರ್ಫೇಸ್ (ಸೋಪಿನ ಪೊರೆಯಂಥ ಮೇಲ್ಮೈ) ಓದುತ್ತಿದ್ದೇನೆ. ಎಷ್ಟು ಬೇರೆ ಬೇರೆ ರೀತಿಯಲ್ಲಿ ಅಲುಗಿಸಿದರೆ ವಿಸ್ತೀರ್ಣ ಇಳಿಯುತ್ತದೆ ಅನ್ನೋ ಲೆಕ್ಕವೇ ಮೋರ್ಸ್ ಇಂಡೆಕ್ಸ್, ಅಲ್ಲಿವರೆಗೆ ಸರಿ. ಸಮತಲಕ್ಕೆ 0, ನಡು ಸಣ್ಣಗಿರುವ ಕೊಳವೆಯಂಥ ಕ್ಯಾಟಿನಾಯ್ಡ್‌ಗೆ 1 (ಸೊಂಟ ಹಿಂಡಿದರೆ ಆಯಿತು). ಆದರೆ ಅಲುಗಾಟಕ್ಕೂ ತೂತಿಗೂ ಏನು ನಂಟು? ಇಂಡೆಕ್ಸ್ ಹೇಳಿದರೆ ಟೊಪಾಲಜಿ (ತೂತು, ತುದಿಗಳ ಲೆಕ್ಕ) ಗೊತ್ತಾಗುತ್ತದಾ?

ಬಾಗುರೇಖೆ:
ಪೂರ್ತಿ ಗೊತ್ತಾಗುವುದಿಲ್ಲ. ಎನ್ನೆಪರ್ ಸರ್ಫೇಸ್ ಟೊಪಾಲಜಿಯಲ್ಲಿ ಬರೀ ಸಮತಲ, ಕ್ಯಾಟಿನಾಯ್ಡ್ ಕೊಳವೆ, ಆದರೂ ಎರಡಕ್ಕೂ ಇಂಡೆಕ್ಸ್ 1. ನಮ್ಮ ಮೂರು ಆಯಾಮದ ಜಾಗದಲ್ಲಿ ಎರಡು ಮುಖವಿರುವ ಕಂಪ್ಲೀಟ್ (ಎಲ್ಲೂ ಅಂಚಿಗೆ ತಗಲಿ ನಿಲ್ಲದ) ಮಿನಿಮಲ್ ಸರ್ಫೇಸ್‌ಗಳಲ್ಲಿ ಇಂಡೆಕ್ಸ್ 1 ಇರುವುದು ಇವೆರಡಕ್ಕೇ ಅಂತ ಗಣಿತಜ್ಞರಾದ ಲೋಪೆಸ್, ರೋಸ್ 1989ರಲ್ಲಿ ತೋರಿಸಿದರು.

ಗುಟ್ಟು ಏನಂದ್ರೆ, ಇಂಡೆಕ್ಸ್ ಸರ್ಫೇಸನ್ನು ನೋಡುವುದೇ ಇಲ್ಲ, ಅದರ ಗೌಸ್ ಮ್ಯಾಪನ್ನು (ಪ್ರತಿ ಬಿಂದುವಿನಲ್ಲಿ ಸರ್ಫೇಸ್‌ಗೆ ಲಂಬವಾದ ದಿಕ್ಕನ್ನು ಗೋಳದ ಮೇಲೆ ಗುರುತಿಸುವ ಮ್ಯಾಪ್) ನೋಡುತ್ತದೆ. ಗೋಳದ ಅಳತೆಯನ್ನು ಗೌಸ್ ಮ್ಯಾಪ್ ಮೂಲಕ ಸರ್ಫೇಸ್ ಮೇಲೆ ತಂದು, 2ಕ್ಕಿಂತ ಚಿಕ್ಕ ಐಗನ್‌ವ್ಯಾಲ್ಯೂ (ಕಂಪನದ ಸಹಜ ಆವರ್ತನಗಳಂಥ ಸಂಖ್ಯೆ) ಎಷ್ಟಿವೆ ಅಂತ ಎಣಿಸಿದರೆ ಅದೇ ಇಂಡೆಕ್ಸ್. ಎನ್ನೆಪರ್, ಕ್ಯಾಟಿನಾಯ್ಡ್ ಎರಡರಲ್ಲೂ ಮ್ಯಾಪ್‌ನ ಡಿಗ್ರಿ (ಗೋಳವನ್ನು ಎಷ್ಟು ಸಲ ಹೊದಿಸುತ್ತದೆ ಅನ್ನೋ ಎಣಿಕೆ) 1, ಅಂದರೆ ಗೋಳವೇ. ಅಲ್ಲಿ ಮೊದಲು 0, ಆಮೇಲೆ ನೇರ 2. ಎಣಿಕೆಗೆ ಸಿಗುವುದು ಒಂದೇ!

ಹಿಡಿಮಡಕೆ:
ಟೊಪಾಲಜಿ ನುಸುಳುವುದೂ ಆ ಡಿಗ್ರಿಯಿಂದಲೇ. ಒಟ್ಟು ಕರ್ವೇಚರ್ (ಬಾಗು) ಮಿತವಾಗಿದ್ದು, ಸರ್ಫೇಸ್ ತನ್ನನ್ನು ತಾನು ಕತ್ತರಿಸದಿದ್ದರೆ, ಡಿಗ್ರಿ = ಜೀನಸ್ + ಎಂಡ್‌ಗಳು − 1. ಜೀನಸ್ ಅಂದರೆ ಹಿಡಿಗಳ (ಮಗ್‌ನ ಹಿಡಿಯಂಥ ತೂತುಗಳ) ಸಂಖ್ಯೆ, ಎಂಡ್ ಅಂದರೆ ಅನಂತದತ್ತ ಚಾಚುವ ತುದಿ.

ತಿರುಗಿ ಬರುವ ದಾರಿ ಇನ್ನೂ ಚೆಂದ. ಒಂದೊಂದು ಹಿಡಿಗೂ ಎರಡು ಹಾರ್ಮೋನಿಕ್ ಫಾರ್ಮ್ (ತೂತಿನ ಸುತ್ತ ನಯವಾಗಿ ಹರಿಯುವ ಕ್ಷೇತ್ರದಂಥದ್ದು) ಸಿಗುತ್ತವೆ, ಅವುಗಳ ಮೂರು ಕೋಆರ್ಡಿನೇಟ್‌ಗಳನ್ನೇ ಅಲುಗಾಟವಾಗಿ ಬಳಸಿ ನೋಡಿದರೆ ಇಂಡೆಕ್ಸ್ ಕನಿಷ್ಠ ಜೀನಸ್‌ನ 2/3 ಅಂತ ಬರುತ್ತದೆ. ಇದು ರೋಸ್ ಅವರ ಉಪಾಯ. ಚೊಡೋಶ್ ಮತ್ತು ಮ್ಯಾಕ್ಸಿಮೊ ಎಂಡ್‌ಗಳನ್ನೂ ಸೇರಿಸಿದರು: ಇಂಡೆಕ್ಸ್ ≥ 2/3 × (ಜೀನಸ್ + ಎಂಡ್‌ಗಳು) − 1.

ಸೋಪಿನಗುಳ್ಳೆ:
ಕೋಸ್ಟಾ ಸರ್ಫೇಸ್‌ಗೆ ಹಾಕಿ ನೋಡಿದೆ. ಜೀನಸ್ 1, ಎಂಡ್ 3, ಬಂದದ್ದು 5/3. ಹಾಗಾದರೆ 2 ಇರಬಹುದಾ?

ಹಿಡಿಮಡಕೆ:
ಇಲ್ಲ. ಇಂಡೆಕ್ಸ್ 2 ಇರಬೇಕಾದರೆ ಜೀನಸ್ + ಎಂಡ್ 4 ದಾಟುವಂತಿಲ್ಲ. ಕತ್ತರಿಸಿಕೊಳ್ಳದ ಸರ್ಫೇಸ್‌ಗೆ ಎರಡು ಎಂಡ್ ಇದ್ದರೆ ಅದು ಕ್ಯಾಟಿನಾಯ್ಡೇ (ಶೋನ್, 1983), ಜೀನಸ್ 0 ಆದರೆ ಸಮತಲ ಇಲ್ಲವೇ ಕ್ಯಾಟಿನಾಯ್ಡ್, ಹಾಗಾಗಿ ಉಳಿಯುವುದು ಕೋಸ್ಟಾ ಬಳಗ ಮಾತ್ರ, ಅದೂ ಹೊರಬೀಳುತ್ತದೆ. ಕೋಸ್ಟಾ ಸರ್ಫೇಸ್‌ನ ನಿಜವಾದ ಇಂಡೆಕ್ಸ್ 5.

ಬಾಗುರೇಖೆ:
ಕೋಸ್ಟಾ–ಹಾಫ್‌ಮನ್–ಮೀಕ್ಸ್ ಸರ್ಫೇಸ್‌ಗಳಿಗೆ (ಕೋಸ್ಟಾ ಮಾದರಿಯಲ್ಲೇ ಹಿಡಿ ಹೆಚ್ಚಿಸಿದವು) ಇಂಡೆಕ್ಸ್ = 2 × ಜೀನಸ್ + 3. ಜೀನಸ್ 37ರ ತನಕ ನಾಯತಾನಿ, ಅದರಾಚೆಗೆ ಮೊರಾಬಿಟೊ ಸಾಧಿಸಿದರು. ಅಲ್ಲಿ ಒಂದು ಹಿಡಿ ಜಾಸ್ತಿಯಾದರೆ ಇಂಡೆಕ್ಸ್ 2 ಏರುತ್ತದೆ, ಮೇಲಿನ ಸೂತ್ರ ಕೊಡುವುದು 2/3 ಅಷ್ಟೇ. ಮಧ್ಯದ ಆ ಅಂತರ ನನಗಂತೂ ಸುಮ್ನೆ ಕಾಡುತ್ತಲೇ ಇದೆ.