ರಾಜಮನೆತನದ ಮದುವೆ, ಗುರುಪೀಠದ ಅನುಮತಿ: ಕಥೆಯಲ್ಲಿ ಯಾರ ಕೈ ಮೇಲಿರಬೇಕು?

ಹೊಸಲೇಖನಿ: ಫ್ಯಾಂಟಸಿ ಕಾದಂಬರಿ ಬರೀತಿದ್ದೀನಿ. ಎರಡು ರಾಜ್ಯಗಳ ಸಂಧಿಗೆ ಒಂದು ಮದುವೆ, ಇಬ್ಬರೂ ನಡೆದುಕೊಳ್ಳೋ ಒಂದೇ ಗುರುಪೀಠ. ಪೀಠಕ್ಕೆ ಎಷ್ಟು ಅಧಿಕಾರ ಕೊಟ್ಟರೆ ಕಥೆ ನಿಲ್ಲುತ್ತೆ? ಅನುಭವ ಇರೋರು ಹೇಳಿ.

ಕಡತಪ್ರಿಯ: ತಡೆಯೋ ಅಧಿಕಾರ ಮಾತ್ರ ಕೊಟ್ಟರೆ ಪೀಠ ಬರೀ ಬಾಗಿಲು ಕಾಯುತ್ತೆ. ಯಾರಿಂದಲೂ ಪಾಲಿಸೋಕಾಗದ ನಿಯಮ ಇಡಿ, ವಿನಾಯಿತಿ ಕೊಡೋ ಹಕ್ಕು ಪೀಠಕ್ಕಿರಲಿ. 1215ರವರೆಗೆ ಯುರೋಪಿನ ಚರ್ಚು ಏಳನೇ ತಲೆಮಾರಿನ ತನಕ ರಕ್ತಸಂಬಂಧದ ಮದುವೆ ನಿಷೇಧಿಸಿತ್ತು. ಅಷ್ಟು ಹಿಂದೆ ಹೋದ್ರೆ ರಾಜರೆಲ್ಲ ನೆಂಟರೇ. ಅಂದ್ರೆ ಪ್ರತಿ ಮದುವೆಯಲ್ಲೂ ಬೇಕಾದಾಗ ಎಳೆಯೋಕೆ ಒಂದು ದಾರ ರೆಡಿ. ಫ್ರಾನ್ಸಿನ ಏಳನೇ ಲೂಯಿ ಮತ್ತು ಎಲಿನೋರ್ ಮದುವೆ 1152ರಲ್ಲಿ ಇದೇ ನೆಪದಲ್ಲಿ ರದ್ದಾಯ್ತು. ಎರಡು ತಿಂಗಳೊಳಗೆ ಅವಳು ಲೂಯಿಗಿಂತ ಹತ್ತಿರದ ನೆಂಟ ಹೆನ್ರಿಯನ್ನ (ಮುಂದೆ ಇಂಗ್ಲೆಂಡಿನ ಎರಡನೇ ಹೆನ್ರಿ) ಮದುವೆಯಾದಳು, ಅಕ್ವಿಟೇನ್ ಪ್ರಾಂತ್ಯವೂ ಅವಳ ಜೊತೆ ಹೋಯ್ತು. ಮೊದಲ ಅಧ್ಯಾಯಕ್ಕೆ ಮುಂಚೆ ವಂಶವೃಕ್ಷ ಬರೆದಿಡಿ. ಎರಡು ದೋಷ ಇರಲಿ: ಒಂದು ಊರಿಗೆಲ್ಲ ಗೊತ್ತಿರೋದು, ಇನ್ನೊಂದು ಪೀಠದ ಕರಣಿಕನಿಗೆ ಮಾತ್ರ.

ಕೋಟೆಕೊತ್ತಲ: ವಂಶವೃಕ್ಷ ಬರೀತಾ ಕೂತ್ರೆ ಕಾದಂಬರಿ ಮುಗಿದ ಹಾಗೇ. ದುಡ್ಡಿನ ಲೆಕ್ಕ ಬರೀರಿ. ಸ್ಪೇನಿನ ಕ್ಯಾಥರೀನ್ ವರದಕ್ಷಿಣೆ 2 ಲಕ್ಷ ಕ್ರೌನ್ ನಾಣ್ಯ, ಅರ್ಧ ಕೊಟ್ಟಾಗಿತ್ತು. ಮದುವೆಯಾಗಿ ಐದು ತಿಂಗಳೊಳಗೆ, 1502ರಲ್ಲಿ, ಗಂಡ, ಇಂಗ್ಲೆಂಡಿನ ಯುವರಾಜ ಆರ್ಥರ್ ಸತ್ತ. ಮಾವ ಉಳಿದರ್ಧ ಕೇಳ್ತಾನೆ, ಅಪ್ಪ ಕೊಡಲ್ಲ, ಹುಡುಗಿ 1509ರ ತನಕ ಅತಂತ್ರ. ಮನೆಖರ್ಚಿಗೆ ಅವಳು ಮಾರಿದ ಬೆಳ್ಳಿ ತಟ್ಟೆಗಳೂ ಆ ಬಾಕಿಗೆ ಜಮೆಯಾಗಬೇಕಾದವೇ! ನಾಣ್ಯ, ಒಡವೆ, ಕೋಟೆ ಅಂತ ಮೂರು ಕಂತು ಮಾಡಿ, ಎರಡನೇ ಕಂತಿಗೆ ಮೊದಲೇ ಸಾವು ಬರಲಿ.

ಕಡತಪ್ರಿಯ: 1509ರಲ್ಲಿ ಅವಳು ಆರ್ಥರನ ತಮ್ಮ ಎಂಟನೇ ಹೆನ್ರಿಯನ್ನ ಮದುವೆಯಾದಳು. ಮೈದುನನ ಜೊತೆ ಮದುವೆಗೆ ಪೋಪ್ ವಿನಾಯಿತಿ ಬೇಕಾಗಿದ್ದನ್ನ ನಾಜೂಕಾಗಿ ಬಿಟ್ರಲ್ಲ ಸಾರ್?

ಗಡಿಕಾವಲು: ಇಬ್ಬರೂ ಸೈನ್ಯ ಮರೆತಿದ್ದೀರಿ. 1527ರಲ್ಲಿ ರೋಮ್ ಲೂಟಿ ಮಾಡಿದ್ದು ಅದೇ ಕ್ಯಾಥರೀನಳ ಅಕ್ಕನ ಮಗ, ಚಕ್ರವರ್ತಿ ಐದನೇ ಚಾರ್ಲ್ಸ್‌ನ ಸೈನ್ಯ. ಆಮೇಲೆ ಹೆನ್ರಿ ಕೇಳಿದ್ರೂ ಪೋಪ್ ಅವಳ ಮದುವೆ ರದ್ದು ಮಾಡೋಕೆ ಧೈರ್ಯ ಎಲ್ಲಿಂದ ತರಬೇಕು? ಪೀಠಕ್ಕಿರೋ ಆಯುಧ ಒಂದೇ, ಸಂಸ್ಕಾರ ನಿಲ್ಲಿಸೋದು. ಫ್ರಾನ್ಸಿನ ಎರಡನೇ ಫಿಲಿಪ್ 1193ರಲ್ಲಿ ಮದುವೆಯ ಮರುದಿನವೇ ಇಂಗೆಬೋರ್ಗ್‌ಳನ್ನ ಬಿಟ್ಟ. 1200ರಲ್ಲಿ ಪೋಪ್ ಫ್ರಾನ್ಸಿನಲ್ಲಿ ಪೂಜೆ ನಿಲ್ಲಿಸಿದ, ಪವಿತ್ರ ನೆಲದಲ್ಲಿ ಹೆಣ ಹೂಳೋಕೂ ತಡೆ. ನರಳಿದ್ದು ಪ್ರಜೆಗಳು. ಕೆಲವು ಬಿಷಪ್‌ಗಳು ರಾಜನ ಕಡೆ ನಿಂತು ಆಜ್ಞೆಯನ್ನೇ ಪಾಲಿಸಲಿಲ್ಲ. ರಾಜ ಅವಳನ್ನ ವಾಪಸ್ ತಗೊಂಡ ಹಾಗೆ ಮಾಡಿ ಸೆರೆಯಲ್ಲೇ ಇಟ್ಟ. ಎಷ್ಟು ಪುರೋಹಿತರು ಪೀಠದ ಮಾತು ಕೇಳ್ತಾರೆ ಅಂತ ಮೊದಲೇ ತೀರ್ಮಾನಿಸಿ.

ಕೋಟೆಕೊತ್ತಲ: ಸೈನ್ಯ ನುಗ್ಗಿಸದೆ ನಿಮಗೆ ನಿದ್ದೆ ಬರಲ್ಲ ಅಲ್ವಾ?

ಸೆರಗಿನಕೆಂಡ: ಮೂವರೂ ಹೆಣ್ಣನ್ನ ಪಾರ್ಸಲ್ ಮಾಡಿಟ್ಟಿದ್ದೀರಿ. ಫ್ರಾನ್ಸಿನ ಪಕ್ಕದ ಬ್ರಿಟನಿ ಸಂಸ್ಥಾನದ ಆ್ಯನ್ ಸ್ವಂತ ಹಕ್ಕಿನ ಒಡತಿ. 1490ರಲ್ಲಿ ಆಸ್ಟ್ರಿಯದ ಮ್ಯಾಕ್ಸಿಮಿಲಿಯನ್ ಜೊತೆ ಪ್ರತಿನಿಧಿ ಮದುವೆ: ವರನ ರಾಯಭಾರಿ ಸಾಕ್ಷಿಗಳೆದುರು ಒಂದು ಬರಿಗಾಲನ್ನ ಹಾಸಿಗೆಯೊಳಗಿಟ್ಟ, ಅಷ್ಟೇ ಶಾಸ್ತ್ರ. ಮರುವರ್ಷ ಫ್ರಾನ್ಸಿನ ರಾಜ ಅವಳನ್ನ ಮದುವೆಯಾದ, ಪೋಪ್ ಅನುಮತಿ ಬಂದಿದ್ದು ಮದುವೆ ಮುಗಿದ ಮೇಲೆ. ಅವನು ಸತ್ತ ಮೇಲೆ ಹನ್ನೆರಡನೇ ಲೂಯಿ ಮೊದಲ ಹೆಂಡತಿಯನ್ನ ಬಿಟ್ಟು ಇವಳನ್ನ ತರಬೇಕಿತ್ತು. ಪೋಪ್ ಒಪ್ಪಿದ, ಬದಲಿಗೆ ಅವನ ಮಗ ಸೀಸರ್ ಬೋರ್ಜಿಯಾಗೆ ಫ್ರಾನ್ಸಿನ ವ್ಯಾಲೆಂಟಿನ್ವಾ ಡ್ಯೂಕ್ ಪಟ್ಟ ಸಿಕ್ತು! ಪಕ್ಕದಲ್ಲೇ ನೋಡಿ: ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನನ್ನ ಪ್ರತಿಷ್ಠೆ ಮಾಡಿದ್ರೆ, ರಾಣಿ ಶಾಂತಲೆ 1123ರಲ್ಲಿ ಶ್ರವಣಬೆಳಗೊಳದಲ್ಲಿ ಬಸದಿ ಕಟ್ಟಿಸಿದಳು. ರಾಣಿಗೂ ಅವಳದೇ ಗುರು, ಅವಳದೇ ದತ್ತಿ ಇರಲಿ.

ಕಡತಪ್ರಿಯ: ಮೇಡಂ, ಅದು ಜಗಳ ಅಲ್ಲ. ರಾಜ ಜೈನ ಬಸದಿಗಳಿಗೂ ದತ್ತಿ ಕೊಟ್ಟಿದ್ದಾನೆ.

ಸೆರಗಿನಕೆಂಡ: ಜಗಳ ಅಂತ ನಾನೆಲ್ಲಿ ಹೇಳ್ದೆ? ಓದದೆ ಉತ್ತರ ಕೊಡೋ ಚಾಳಿ ಬಿಡಿ.

ಹೊಸಲೇಖನಿ: ನನ್ನ ಕಥೆಯಲ್ಲಿ ಪೀಠಾಧಿಪತಿಯೇ ವಧುವಿನ ಚಿಕ್ಕಪ್ಪ. ಅದಕ್ಕೇನಾದ್ರೂ...?

ಗಡಿಕಾವಲು: ಅದನ್ನ ಮೊದಲೇ ಹೇಳಬಾರದಾ? ಹಾಗಾದ್ರೆ ಅನುಮತಿ ಪತ್ರದ ಮುದ್ರೆ ಬೇರೆಯವನ ಹತ್ತಿರ ಇರಲಿ.